ಕೀಮೋ ಮುಗೀತು, ಮರೆವು ಉಳೀತು

ಕ್ಯಾನ್ಸರ್ ಗೆದ್ದು ಮನೆಗೆ ಬಂದವರಿಗೆ ನಾವೆಲ್ಲ ಹೇಳೋ ಮಾತು ಒಂದೇ: "ಜೀವ ಉಳೀತಲ್ಲ, ಅಷ್ಟು ಸಾಕು ಬಿಡಿ." ಒಲೆ ಮೇಲೆ ಹಾಲಿಟ್ಟು ಮರೆತೆ, ನಾಲಿಗೆ ತುದೀಲಿದ್ದ ಪದ ಸಿಗಲಿಲ್ಲ, ಒಂದೇ ಮೇಲ್ ಮೂರು ಸಲ ಓದಿದೆ ಅಂತ ಅವರು ಹೇಳಿಕೊಂಡರೆ "ಟೆನ್ಷನ್ ಅಷ್ಟೇ" ಅಂತ ತಳ್ಳಿಹಾಕುತ್ತೇವೆ. ಈ ತೊಂದರೆಗೆ 'ಕೀಮೋ ಬ್ರೇನ್' ಅನ್ನೋ ಹೆಸರೇ ಇದೆ. ಕೀಮೋ ಜೊತೆಗೆ ಹಾರ್ಮೋನ್ ಚಿಕಿತ್ಸೆ, ಸುಸ್ತು, ನಿದ್ದೆಗೇಡು, ಆತಂಕ ಎಲ್ಲವೂ ಇದಕ್ಕೆ ಕಾರಣವಾಗಬಹುದು. ಕೆಲವರಲ್ಲಿ ಇದು ವರ್ಷಗಟ್ಟಲೆ ಉಳಿಯುತ್ತದೆ.

ಇಂಥ ಸಮಸ್ಯೆ ಕೇಳಿದ ಕೂಡಲೇ ಇಂಜಿನಿಯರಿಂಗ್ ಓದುವ ನಮಗೆ ಹೊಳೆಯೋದು ಆ್ಯಪ್. ಒಂದು ಮೆಮೊರಿ ಗೇಮ್, ಸ್ಕೋರು, ಲೀಡರ್‌ಬೋರ್ಡ್. ಡೆಮೊ ಕೊಟ್ಟರೆ ಪ್ರಾಜೆಕ್ಟ್ ಮುಗೀತು. ನಮ್ಮ ತಕರಾರು ಇರೋದು ಇಲ್ಲೇ. ಗೇಮ್ ಆಡಿ ಆಡಿ ಆ ಗೇಮ್‌ನಲ್ಲಿ ಚುರುಕಾಗಬಹುದು. ಆ ಚುರುಕು ಅಡುಗೆಮನೆಗೂ ಆಫೀಸಿಗೂ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಫರ್ಗುಸನ್ ಮತ್ತು ಸಂಗಡಿಗರು ರೂಪಿಸಿದ 'ಮೆಮೊರಿ ಅಂಡ್ ಅಟೆನ್ಷನ್ ಅಡಾಪ್ಟೇಶನ್ ಟ್ರೇನಿಂಗ್' ಬೇರೆ ದಾರಿ ಹಿಡಿಯಿತು. ಮರೆವು ಯಾವ ಹೊತ್ತಲ್ಲಿ, ಯಾವ ಕೆಲಸದಲ್ಲಿ ಕಾಡುತ್ತೆ ಅಂತ ಮೊದಲು ಗುರುತಿಸೋದು. ಗಾಬರಿಯಾದಾಗ ಮನಸ್ಸು ತಣ್ಣಗೆ ಮಾಡಿಕೊಳ್ಳೋದು. ಮಾಡುವ ಕೆಲಸವನ್ನು ಹಂತಹಂತವಾಗಿ ತಮಗೆ ತಾವೇ ಹೇಳಿಕೊಳ್ಳೋದು, ದಿನಚರಿ ಬರೆದಿಡೋದು. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ತನ ಕ್ಯಾನ್ಸರ್‌ನಿಂದ ಗುಣವಾದ 47 ಮಹಿಳೆಯರಿದ್ದರು. ಅವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ತರಬೇತಿಯನ್ನು ವಿಡಿಯೋ ಕರೆಯಲ್ಲೇ 8 ಸಲ ಕೊಟ್ಟರು. ತರಬೇತಿ ಪಡೆದವರಿಗೆ ಮರೆವಿನ ಕಾಟ ಕಡಿಮೆ ಅನ್ನಿಸಿತು, ಯೋಚನೆಯ ವೇಗವೂ ಸುಧಾರಿಸಿತು. ಚಿಕ್ಕ ಪ್ರಯೋಗ, ನಿಜ. ಆದರೆ ದಾರಿ ತೋರಿಸಿದೆ.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ರಾಜ್ಯದ ಮೂಲೆಮೂಲೆಯಿಂದ ಜನ ಬರುತ್ತಾರೆ. ಚಿಕಿತ್ಸೆ ಮುಗಿಸಿ ಬೀದರಿಗೋ ಕೊಳ್ಳೇಗಾಲಕ್ಕೋ ಹೋದವರನ್ನು ಇಂಥ ತರಬೇತಿಗೆ ಅಂತ ವಾರವಾರ ಬಸ್ ಹತ್ತಿಸೋಕಾಗುತ್ತಾ? ಫೋನಿನಲ್ಲೇ, ಅವರ ಕನ್ನಡದಲ್ಲೇ ತರಬೇತಿ ಸಿಗಬೇಕು. "ಈಗ ಮಾತ್ರೆ ತಗೊಳ್ಳಿ" ಅಂತ ಸಮಯಕ್ಕೆ ಸರಿಯಾಗಿ ಹೇಳುವ ದನಿ ಬೇಕು. ಸುಸ್ತಾದ ಕಣ್ಣಿಗೂ ಕಾಣುವ ದೊಡ್ಡ ಅಕ್ಷರ ಬೇಕು. ಇದಕ್ಕೆ ಭಾರಿ ಎಐ ಮಾಡೆಲ್ ಏನೂ ಬೇಡ.

ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕುತ್ತಿರುವ ಗೆಳೆಯರೇ, ಕೋಡ್ ಬರೆಯೋ ಮುಂಚೆ ಒಬ್ಬ ಮನಶ್ಶಾಸ್ತ್ರಜ್ಞರನ್ನೂ ಚಿಕಿತ್ಸೆ ಮುಗಿಸಿದ ಒಬ್ಬರನ್ನೂ ಕೂರಿಸಿಕೊಂಡು ಕೇಳಿ: ದಿನದಲ್ಲಿ ಎಲ್ಲಿ ಎಡವುತ್ತೀರಿ? ಅವರು ಕೊಡೋ ಉತ್ತರವೇ ನಮ್ಮ ರಿಕ್ವೈರ್‌ಮೆಂಟ್ ಆಗಲಿ.