ಅ ಒತ್ತಿದರೆ ಆ ಅಂತು!

ಹೋದ ತಿಂಗಳು ಊರಿಗೆ, ಅಂದರೆ ಕುಂದಗೋಳ ತಾಲೂಕಿನ ಕುಬಿಹಾಳಕ್ಕೆ ಹೋಗಿದ್ದೆ. ಚಹಾ ಕೊಡುವ ಮುಂಚೆಯೇ ಅಕ್ಕ ಕೇಳಿದಳು: “ತಮ್ಮಾ, ನೀ ಕಾಲೇಜಿನ್ಯಾಗ ಮಾಡಿದ್ದ ಅಕ್ಷರದ ಆಟ ಈಗ್ಯಾಕ ತೆರೀವಲ್ದು?”

ಇಂಜಿನಿಯರಿಂಗ್ ಓದುವಾಗ ಫ್ಲ್ಯಾಶ್‌ನಲ್ಲಿ ಮಾಡಿದ ಆಟ ಅದು. ಅಕ್ಷರ ಒತ್ತಿದರೆ ಚಿತ್ರ ಬರುತ್ತೆ, ಜೊತೆಗೆ ನಮ್ಮ ಆಯಿಯ ದನಿ: “ಅ, ಅಗಸಿ”. ಸಂಜೆ ಓಣಿ ಹುಡುಗರಿಗೆ ಪಾಠ ಹೇಳುವ ಅಕ್ಕನಿಗೆ ಅದು ಬೇಕಿತ್ತು. ಆಯಿ ಈಗಿಲ್ಲ; ನನಗೂ ಬೇಕಿತ್ತು.

2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ಫ್ಲ್ಯಾಶ್ ಪ್ಲೇಯರ್‌ಗೆ ಬೆಂಬಲ ನಿಲ್ಲಿಸಿತು. ಬ್ರೌಸರ್‌ಗಳೂ ಅದನ್ನು ಕೈಬಿಟ್ಟವು. ಪುಣ್ಯಕ್ಕೆ ಹಳೆ ಪೆನ್‌ಡ್ರೈವ್‌ನಲ್ಲಿ ಮೂಲ ಎಫ್‌ಎಲ್‌ಎ ಫೈಲ್ ಇತ್ತು. ಫ್ಲ್ಯಾಶ್‌ನ ಈಗಿನ ರೂಪ ಅಡೋಬಿ ಅನಿಮೇಟ್. ಅದರಲ್ಲಿ ತೆರೆದು ಎಚ್‌ಟಿಎಂಎಲ್5 ಕ್ಯಾನ್ವಾಸ್‌ಗೆ ಬದಲಿಸಿದೆ. ಚಿತ್ರ ಬಂತು, ದನಿ ಬಂತು. ಕೋಡ್ ಮಾತ್ರ ಇಲ್ಲ! ಆಕ್ಷನ್‌ಸ್ಕ್ರಿಪ್ಟ್ ಸಾಲುಗಳನ್ನೆಲ್ಲ ಅನಿಮೇಟ್ ಕಾಮೆಂಟ್ ಮಾಡಿ ಬದಿಗಿಟ್ಟಿತ್ತು. ಜಾವಾಸ್ಕ್ರಿಪ್ಟ್‌ನಲ್ಲಿ ನಾನೇ ಮತ್ತೆ ಬರೆಯಬೇಕು.

ದಿನಾ ಬರೆಯೋದು ಅದನ್ನೇ ತಾನೆ, ಅರ್ಧ ತಾಸಿನ ಕೆಲಸ ಅಂದ್ಕೊಂಡೆ. ಎರಡೂ ಒಂದೇ ಮನೆತನದ ಭಾಷೆಗಳು. ಇಫ್, ಫಾರ್, ಫಂಕ್ಷನ್ ಎಲ್ಲ ಒಂದೇ ಥರ. ಮೊದಲ ಪೆಟ್ಟು ಬೇಗ ಬಿತ್ತು. ಆಕ್ಷನ್‌ಸ್ಕ್ರಿಪ್ಟ್‌ನಲ್ಲಿ ಬರೀ ‘ಸ್ಟಾಪ್’ ಅಂದರೆ ಸಾಕಿತ್ತು. ಕ್ಯಾನ್ವಾಸ್‌ನಲ್ಲಿ ಯಾರು ನಿಲ್ಲಬೇಕು ಅಂತ ‘ದಿಸ್’ ಹಚ್ಚಿ ಹೇಳಬೇಕು. ಇದು ಕಣ್ಣಿಗೆ ಬಿತ್ತು, ಸರಿಮಾಡಿದೆ. ಆಟ ನಡೆಯಿತು. ಪೂರ್ತಿ ಆಡಿ ನೋಡದೇ ಅಕ್ಕನ ಕೈಗೆ ಫೋನ್ ಕೊಟ್ಟೆ.

ಸಂಜೆ ಪಡಸಾಲೆಯಿಂದ ಕೂಗು: “ಲೇ, ಅ ಒತ್ತಿದ್ರ ಆ ಅಂತೈತಲೋ!”

ದೊಡ್ಡ ಹುಡುಗರು ನಗುತ್ತಿದ್ದರು. ಅಕ್ಷರ ಈಗಷ್ಟೇ ಕಲಿಯುತ್ತಿದ್ದ ಪುಟ್ಟಿಯೊಬ್ಬಳು ಮಾತ್ರ ‘ಅ’ ಒತ್ತಿ, ಆಯಿಯ ದನಿಯ ಜೊತೆಗೆ “ಆ, ಆಕಳ” ಅಂತ ಜೋರಾಗಿ ಹೇಳುತ್ತಿದ್ದಳು. ನನಗೆ ನಗು ಬರಲಿಲ್ಲ.

ಕಾರಣ ಇಷ್ಟೇ. ಆಕ್ಷನ್‌ಸ್ಕ್ರಿಪ್ಟ್‌ನಲ್ಲಿ ಮೊದಲ ಫ್ರೇಮ್ ಅಂದರೆ 1. ಕ್ಯಾನ್ವಾಸ್‌ನ ಕೋಡ್‌ನಲ್ಲಿ ಎಣಿಕೆ ಶುರುವಾಗೋದು 0ಯಿಂದ. ನಾನು ಹಳೆ ನಂಬರ್‌ಗಳನ್ನೇ ಇಟ್ಟಿದ್ದೆ. ಪ್ರತಿ ಅಕ್ಷರವೂ ಒಂದು ಮನೆ ಮುಂದೆ ಜಿಗಿದಿತ್ತು. ಲಿಫ್ಟ್‌ನಲ್ಲಿ 1 ಒತ್ತಿದವನು ಗ್ರೌಂಡ್ ಫ್ಲೋರ್ ಬಿಟ್ಟು ಮೇಲಿನ ಮಹಡಿಗೆ ಹೋಗುತ್ತಾನಲ್ಲ, ಹಾಗೆ.

ಇದು ಹಳೇ ತಕರಾರು. ಸಿಡಿಗಳ ಕಾಲದ ‘ಡೈರೆಕ್ಟರ್’ ಸಾಫ್ಟ್‌ವೇರ್‌ಗೆ ಲಿಂಗೋ ಎಂಬ ತನ್ನದೇ ಭಾಷೆ ಇತ್ತು. ಡೈರೆಕ್ಟರ್ ಎಂಎಕ್ಸ್ 2004ರಲ್ಲಿ ಜಾವಾಸ್ಕ್ರಿಪ್ಟ್ ಕೂಡ ಸೇರಿತು. ಸ್ಕ್ರಿಪ್ಟ್ ವಿಂಡೋದಲ್ಲಿ ಭಾಷೆ ಆರಿಸಬಹುದಿತ್ತು, ಆದರೆ ಆರಿಸಿದ ಮಾತ್ರಕ್ಕೆ ಕೋಡ್ ಅನುವಾದ ಆಗುತ್ತಿರಲಿಲ್ಲ. ಲಿಂಗೋದ ಲಿಸ್ಟ್ 1ರಿಂದ, ಜಾವಾಸ್ಕ್ರಿಪ್ಟ್‌ನ ಅರೇ 0ಯಿಂದ. ಲಿಂಗೋಗೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಒಂದೇ; ಜಾವಾಸ್ಕ್ರಿಪ್ಟ್‌ಗೆ ಬೇರೆ ಬೇರೆ.

ಹೊಸ ಭಾಷೆಯ ವ್ಯಾಕರಣ ಎರಡು ದಿನದಲ್ಲಿ ಬರುತ್ತೆ. ಹಳೆ ಭಾಷೆಯ ರೂಢಿ ಬಿಡೋದೇ ಕಷ್ಟ. ಎರರ್ ಕೊಡುವ ತಪ್ಪು ನಮಗೆ ಕಾಣುತ್ತೆ. ಎರರ್ ಕೊಡದ ತಪ್ಪನ್ನು ಬಳಸುವವರು ಖರೆ ಅಂತ ನಂಬಿಬಿಡುತ್ತಾರೆ. ಹಾಗಾಗಿ ನಿಮ್ಮ ಬಳಿ ಹಳೆ ಫ್ಲ್ಯಾಶ್ ಕೆಲಸ ಇದ್ದರೆ ಮೊದಲು ಎಫ್‌ಎಲ್‌ಎ ಫೈಲ್ ಹುಡುಕಿ ಜೋಪಾನ ಮಾಡಿ. ಬರೀ ಎಸ್‌ಡಬ್ಲ್ಯುಎಫ್ ಉಳಿದಿದ್ದರೆ ‘ರಫಲ್’ ಎಂಬ ಉಚಿತ ಎಮ್ಯುಲೇಟರ್‌ನಲ್ಲಿ ಹಾಕಿ ನೋಡಿ. ಎಲ್ಲವೂ ಅಲ್ಲದಿದ್ದರೂ ಬಹಳಷ್ಟು ನಡೆಯುತ್ತವೆ. ಭಾಷೆ ಬದಲಿಸಿದರೆ ಮೊದಲ ಮತ್ತು ಕೊನೆಯ ಫ್ರೇಮ್ ಎರಡನ್ನೂ ಕೈಯಾರೆ ಒತ್ತಿ ನೋಡಿ.

ಆ ರಾತ್ರಿ ಎಲ್ಲ ಕಡೆ ಒಂದೊಂದು ಕಳೆದೆ. ಮರುದಿನ ಪುಟ್ಟಿಯನ್ನೇ ಮೊದಲು ಕೂರಿಸಿದೆವು. ಒತ್ತಿದಳು. “ಅ, ಅಗಸಿ” ಅಂದಳು ಆಯಿ.