ಗ್ರಾಂ ಗ್ರಾಂ ಕೂಡಿ ಬೆಳೆವ ಕೂಸು

ಶಿವಾಜಿನಗರದ ಘೋಷಾ ಆಸ್ಪತ್ರೆಯಾಗಲಿ, ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆಯಾಗಲಿ, ಹೆರಿಗೆಯಾದ ಕೂಡಲೇ ನೆಂಟರು ಕೇಳುವ ಪ್ರಶ್ನೆ, ‘ತೂಕ ಎಷ್ಟು?’ 2,500 ಗ್ರಾಂಗೂ ಕಡಿಮೆಯಿದ್ದರೆ ಅದು ಕಡಿಮೆ ತೂಕದ ಮಗು. 1,500 ಗ್ರಾಂಗಿಂತ ಕೆಳಗಿದ್ದರೆ ಅತಿ ಕಡಿಮೆ ತೂಕದ್ದು.

ಇಂಥ ಕೂಸಿನ ತೂಕ ಮೊದಲ ವಾರ ಏರುವ ಬದಲು ಇಳಿಯುತ್ತದೆ. ತಾಯಿ ತಂದೆ ಎದೆಗುಂದುವುದು ಆಗಲೇ. ಆದರೆ ಇದು ಬಹುಮಟ್ಟಿಗೆ ಸಹಜ. ಮೈಯಲ್ಲಿ ಹೆಚ್ಚಾಗಿದ್ದ ನೀರು ಹೊರಹೋಗುತ್ತದೆ, ಅಷ್ಟೆ. ಅವಧಿಗೆ ಮುನ್ನ ಹುಟ್ಟಿದ ಮಗು ಶೇಕಡ 10ರಿಂದ 15ರಷ್ಟು ತೂಕ ಕಳೆದುಕೊಳ್ಳಬಹುದು. 1,200 ಗ್ರಾಂ ಕೂಸು 1,080ಕ್ಕೆ ಇಳಿದರೂ ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳುತ್ತದೆ.

ಮುಂದಿನ ಲೆಕ್ಕ ವಿದ್ಯಾರ್ಥಿಗಳೇ ಮಾಡಬಹುದು. ಮಗು ತನ್ನ ತೂಕದ ಪ್ರತಿ ಕಿಲೋಗೆ ದಿನಕ್ಕೆ 15ರಿಂದ 20 ಗ್ರಾಂ ಏರಬೇಕು. 1,200 ಗ್ರಾಂ ಮಗುವಿಗೆ ಇದು ದಿನಕ್ಕೆ 18ರಿಂದ 24 ಗ್ರಾಂ. ಒಂದು ಸಲ ಮೂತ್ರ ಮಾಡಿದರೂ ತಕ್ಕಡಿಯ ಮುಳ್ಳು ಅಲುಗೀತು! ಆದ್ದರಿಂದ ಒಂದು ದಿನದ ತೂಕ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ವಾರದ ಏರಿಕೆ ಮುಖ್ಯ. ಉದ್ದ ಮತ್ತು ತಲೆಯ ಸುತ್ತಳತೆಯನ್ನೂ ವಾರಕ್ಕೊಮ್ಮೆ ಅಳೆಯುತ್ತಾರೆ.

ಏರಿಕೆ ಇಷ್ಟು ಕಷ್ಟವೇಕೆ? ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಗರ್ಭದ ಸುಮಾರು 34ನೇ ವಾರದವರೆಗೆ ಬರುವುದಿಲ್ಲ. ಅಲ್ಲಿಯವರೆಗೆ ತಾಯಿಯ ಹಾಲನ್ನು ಹಿಂಡಿ ತೆಗೆದು ಸಣ್ಣ ನಳಿಕೆಯಿಂದ ಕೊಡುತ್ತಾರೆ, ಬಳಿಕ ಒಳಲೆಯಿಂದ. ಚರ್ಮದಡಿ ಕೊಬ್ಬಿಲ್ಲದ ಕೂಸಿಗೆ ಚಳಿಯೂ ಶತ್ರು. ಕುಡಿದ ಹಾಲೆಲ್ಲ ಮೈ ಬೆಚ್ಚಗಿಡಲು ಖರ್ಚಾದರೆ ಬೆಳವಣಿಗೆಗೆ ಉಳಿಯುವುದೇನು?

ಇದಕ್ಕೆ ಸರಳ ಉತ್ತರ ಕೊಟ್ಟದ್ದು ಕೊಲಂಬಿಯಾದ ಬೊಗೊಟಾ ನಗರ. 1970ರ ದಶಕದ ಕೊನೆಗೆ, ಇನ್‌ಕ್ಯುಬೇಟರ್‌ಗಳ ಕೊರತೆಯಿದ್ದ ಅಲ್ಲಿನ ಆಸ್ಪತ್ರೆಯಲ್ಲಿ ವೈದ್ಯ ಎಡ್ಗರ್ ರೇ ಬರಿಮೈ ಕೂಸನ್ನು ತಾಯಿಯ ಎದೆಗೆ ಕಟ್ಟಿಸಿದರು. ಅದೇ ‘ಕಾಂಗರೂ ಆರೈಕೆ’. ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದೊಡನೆ ಈ ಆರೈಕೆ ಆರಂಭಿಸಿದಾಗ ಮೊದಲ 28 ದಿನಗಳ ಸಾವು ಕಾಲು ಭಾಗ ತಗ್ಗಿತು. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರು ಸರ್ಕಾರದೊಡನೆ ಸೇರಿ ಇದನ್ನು ಮನೆಮನೆಗೂ ಒಯ್ದರು.

ಅಮ್ಮನಿಗೆ ದಣಿವಾದಾಗ ಅಪ್ಪನ ಎದೆಯೂ ಆದೀತು, ಅಜ್ಜಿಯದೂ ಆದೀತು. ಜೇನು, ಸಕ್ಕರೆ ನೀರು ಮಾತ್ರ ಬೇಡ. ಎರಡು ವಾರ ಕಳೆದರೂ ತೂಕ ಏರದಿದ್ದರೆ ಹಾಲು ಸಾಲದೇ, ಚಳಿಯೇ, ಸೋಂಕೇ ಎಂದು ವೈದ್ಯರನ್ನು ಕೇಳಬೇಕು. ತಾಯಿಯನ್ನು ದೂರುವುದರಿಂದ ಒಂದು ಗ್ರಾಂ ಕೂಡ ಏರದು.