ಲೆಕ್ಕಕ್ಕೆ ಸಿಗದ ಸಾವುಗಳು

2022ರ ಡಿಸೆಂಬರಿನಲ್ಲಿ ಜರ್ಮನಿಯ ನ್ಯಾಯಾಲಯವೊಂದು 97 ವರ್ಷದ ಅಜ್ಜಿಯನ್ನು ಅಪರಾಧಿ ಎಂದಿತು. ಹೆಸರು ಇರ್ಮ್‌ಗಾರ್ಡ್ ಫುರ್ಶ್ನರ್. ಹದಿಹರೆಯದಲ್ಲಿ ಸ್ಟುಟ್‌ಹೋಫ್ ಎಂಬ ನಾಜಿ ಶಿಬಿರದ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು. 10,505 ಕೊಲೆಗಳಿಗೆ ನೆರವಾದ ತಪ್ಪಿಗೆ ಎರಡು ವರ್ಷ ಸಜೆ, ಅದೂ ಅಮಾನತಿನಲ್ಲಿ. ಶಿಕ್ಷೆ ಕಡಿಮೆಯಾಯಿತು ಎಂದು ಹಲವರು ಬೇಸರಪಟ್ಟರು. ನನ್ನ ತಲೆಯಲ್ಲಿ ಉಳಿದದ್ದು ಆ ಕೊನೆಯ ಐದು. ಹತ್ತು ಸಾವಿರದ ಐನೂರಕ್ಕೆ ಕೈಬಿಡದೆ ಮತ್ತೆ ಐದು ಜನರನ್ನು ಎಣಿಸಿದ್ದಾರಲ್ಲ!

ನಮ್ಮಲ್ಲಿ, ಟಿಪ್ಪುವಿನ ಸೆರೆಯಲ್ಲಿ ಸತ್ತ ಕ್ರೈಸ್ತರನ್ನು ಹಾಗೆ ಎಣಿಸಿದವರಿಲ್ಲ.

ಪುತ್ತೂರಿನ ದರ್ಬೆ ಎಂದರೆ ಫಿಲೋಮಿನಾ ಕಾಲೇಜು. 1958ರಲ್ಲಿ ಮೊನ್ಸಿಞೊರ್ ಆಂಟನಿ ಪತ್ರಾವೊ ಕಟ್ಟಿದ್ದು. ಪುತ್ತೂರಿನ ಮಾಯ್ ದೆ ದೇವುಸ್ ಇಗರ್ಜಿ ಅದಕ್ಕೂ ಹಳತು, 1830ರದ್ದು. ಅದರ ಹಿಂದಿನ ಅರ್ಧ ಶತಮಾನದಲ್ಲಿ ನಮ್ಮ ಪೊರ್ಬುಗಳು, ಅಂದರೆ ಕ್ರೈಸ್ತರು, ಏನು ಕಂಡರು ಎಂದು ಇಲ್ಲಿ ಓಡಾಡುವ ಹುಡುಗರನ್ನು ಕೇಳಿ ನೋಡಿ. ‘ಟಿಪ್ಪು’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು.

ಎರಡನೇ ಮೈಸೂರು ಯುದ್ಧ. ತಿಂಗಳುಗಟ್ಟಲೆ ಮುತ್ತಿಗೆಯಲ್ಲಿದ್ದ ಮಂಗಳೂರು ಕೋಟೆಯನ್ನು ಕರ್ನಲ್ ಕ್ಯಾಂಬೆಲ್ 1784ರ ಜನವರಿ ಕೊನೆಗೆ ಟಿಪ್ಪುವಿಗೆ ಒಪ್ಪಿಸಿದ. ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಸಿಟ್ಟು ಸುಲ್ತಾನನಿಗಿತ್ತು. ಮರುತಿಂಗಳು, ವಿಭೂತಿ ಬುಧವಾರದ ಹೊತ್ತಿಗೆ, ಊರೂರಲ್ಲಿ ಅವರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಮುದುಕರು, ಬಸುರಿಯರು, ಮಕ್ಕಳು ಎಲ್ಲರೂ ನಡೆದರು. ದಾರಿಯಲ್ಲೇ ಸತ್ತವರು ಬಹಳ. ಶ್ರೀರಂಗಪಟ್ಟಣದಲ್ಲಿ ಗಂಡಸರನ್ನು ಮತಾಂತರಿಸಿ ಸೈನ್ಯಕ್ಕೆ ಸೇರಿಸಿದರು. ಇತ್ತ ಕೆನರಾದಲ್ಲಿ ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆ ಹತ್ತಿರದ ಹೊಸಬೆಟ್ಟುವಿನದ್ದು ಚೌಟ ಅರಸರ ದಯೆಯಿಂದ ಉಳಿಯಿತು ಎನ್ನುತ್ತಾರೆ.

ಶ್ರೀರಂಗಪಟ್ಟಣ ಸ್ಟುಟ್‌ಹೋಫ್ ಅಲ್ಲ. ಅಲ್ಲಿನಂತೆ ವ್ಯವಸ್ಥಿತವಾಗಿ ಕೊಲ್ಲುವ ಶಿಬಿರ ಇದಾಗಿರಲಿಲ್ಲ. ಆದರೆ ಕೆಲವರ ಮೇಲಿನ ಅನುಮಾನಕ್ಕೆ ತೊಟ್ಟಿಲ ಕೂಸಿನವರೆಗೆ ಇಡೀ ಸಮುದಾಯವನ್ನು ಹೊಣೆ ಮಾಡಿದ್ದು ಅಪರಾಧವೇ. ಅದನ್ನು ರಾಜಕಾರಣದ ಮಾತಿನಲ್ಲಿ ಮುಚ್ಚಬೇಕಾಗಿಲ್ಲ. ಅದೇ ಟಿಪ್ಪು ಮರಾಠರು ಲೂಟಿ ಮಾಡಿದ ಶೃಂಗೇರಿ ಮಠಕ್ಕೆ ನೆರವು ಕಳುಹಿಸಿದ್ದೂ ನಿಜ. ಒಂದು ನಿಜ ಇನ್ನೊಂದನ್ನು ತಿನ್ನುವುದಿಲ್ಲ, ಮಾರ್ರೆ.

1799ರ ಮೇ 4ರಂದು ಟಿಪ್ಪು ಸತ್ತ. ಅಪರಾಧಿಯೇ ಯುದ್ಧದಲ್ಲಿ ಬಿದ್ದ ಮೇಲೆ ವಿಚಾರಣೆ ಯಾರದ್ದು? ಬದುಕುಳಿದವರು ಘಟ್ಟ ಇಳಿದು ಬಂದಾಗ ಅವರ ಗದ್ದೆ ತೋಟಗಳಲ್ಲಿ ಬೇರೆಯವರು ಬೇಸಾಯ ಮಾಡುತ್ತಿದ್ದರು. ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೊ ಆ ಜಾಗಗಳ ಬಗ್ಗೆ ಹುಕುಂ ಹೊರಡಿಸಿದ. ಇಗರ್ಜಿಯ ನೆರವೂ ಸಿಕ್ಕಿ ಅನೇಕರಿಗೆ ಆಸ್ತಿ ಮರಳಿತು. ಜಾಗದ ವ್ಯಾಜ್ಯ ಎಂದರೇನೆಂದು ಪುತ್ತೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಹದಿನೈದು ವರ್ಷ ಉತ್ತವನಿಗೂ ಒಂದು ಸಂಸಾರವಿದ್ದಿರಬೇಕು. ಅವನನ್ನು ಎಬ್ಬಿಸಿ ಕೊಟ್ಟ ನ್ಯಾಯ ಅದು. ಸಿಕ್ಕಿದ್ದು ಅಷ್ಟೇ.

ಸತ್ತವರೆಷ್ಟು? ಸೆರೆಯಾದವರ ಸಂಖ್ಯೆಯೇ ಗಟ್ಟಿಯಿಲ್ಲ. ಟಿಪ್ಪುವಿನ ಸೆರೆಯಲ್ಲಿದ್ದ ಇಂಗ್ಲಿಷ್ ಹುಡುಗ ಜೇಮ್ಸ್ ಸ್ಕರಿ 30 ಸಾವಿರ ಎಂದ. ಅರಮನೆಯ ಕಡೆಯ ಬರಹದಲ್ಲಿ 60 ಸಾವಿರ. ಇನ್ನೂ ಹೆಚ್ಚು ಹೇಳಿದವರಿದ್ದಾರೆ. ಈ ಅಂತರದಲ್ಲೇ ನಮ್ಮ ಜಗಳಗಳು ಬೆಳೆದವು. ಸರಕಾರ 2015ರಲ್ಲಿ ಟಿಪ್ಪು ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ಸರಕಾರ ನಿಲ್ಲಿಸಿತು. ಎರಡು ಸಲವೂ ಸತ್ತವರನ್ನು ವೇದಿಕೆಗೆ ಎಳೆದರು. ಅವರಲ್ಲಿ ಒಬ್ಬರ ಹೆಸರನ್ನೂ ಯಾರೂ ಹೇಳಲಿಲ್ಲ.

ಕೊಂಕಣಿಯಲ್ಲಿ ವಿ.ಜೆ.ಪಿ. ಸಲ್ಡಾನ್ಹಾ ಈ ಸೆರೆವಾಸವನ್ನು ಕಾದಂಬರಿಗಳಲ್ಲಿ ತಂದರು. ಸಾಹಿತ್ಯದ ಪಾಲಿನ ಕೆಲಸ ಆಯಿತು. ದಾಖಲೆಯದ್ದು ಮನೆಮನೆಯಲ್ಲಿ ಬಾಕಿ ಇದೆ. ಅಜ್ಜನ ಅಜ್ಜ ಶ್ರೀರಂಗಪಟ್ಟಣದಿಂದ ಬಂದವರು ಎಂದು ಹೇಳುವ ಬಾಯಮ್ಮ ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ, ಈ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಒಂದು ಪುಸ್ತಕ ಹಿಡಿದು ಅವರ ಹತ್ತಿರ ಕೂತುಕೊಳ್ಳಿ. ಹೆಸರು, ಊರು, ಬಾರದೆ ಉಳಿದವರು ಯಾರು — ಇಷ್ಟು ಬರೆದುಕೊಂಡರೂ ಸಾಕು.